ಪ್ರಾಯ ಮುಖದಲ್ಲೋ, ಎಲುಬಿನಲ್ಲೋ?

ನಮ್ಮ ಕುಂದಾಪುರ, ಬ್ರಹ್ಮಾವರದ ಕಡೆ ಮದುವೆ ಮನೆಗೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: “ನಿಮ್ಗ್ ಐವತ್ತಾ? ಕಂಡ್ರೆ ಹಾಂಗ್ ಕಾಂತಿಲ್ಲೆ ಮರಾಯ್ರೆ!” ಕೇಳಿಸಿಕೊಂಡವರಿಗೆ ಊಟಕ್ಕೆ ಮೊದಲೇ ಅರ್ಧ ಹೊಟ್ಟೆ ತುಂಬುತ್ತದೆ. ಪಕ್ಕದಲ್ಲಿ ಕೂತವರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಮುಖ ನೋಡಿ ಪ್ರಾಯ ಅಳೆಯುವ ಈ ಲೆಕ್ಕ ಒಳಗಿನ ಎಲುಬಿಗೂ ಸರಿಹೊಂದುತ್ತದೆಯೇ?

ಸ್ವಲ್ಪ ಹೊಂದುತ್ತದೆ ಎನ್ನುವುದಕ್ಕೆ ಒಂದು ಆಧಾರವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಲುಬ್ನಾ ಪಾಲ್ ಮತ್ತು ಸಂಗಡಿಗರು, ಮುಟ್ಟು ನಿಂತು ಮೂರು ವರ್ಷದೊಳಗಿನ 114 ಹೆಂಗಸರ ಮುಖ, ಕುತ್ತಿಗೆಯ ಸುಕ್ಕನ್ನೂ ಎಲುಬಿನ ಗಟ್ಟಿತನವನ್ನೂ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಸುಕ್ಕು ಹೆಚ್ಚಿದ್ದವರಲ್ಲಿ ಎಲುಬಿನ ಸಾಂದ್ರತೆ ಕಡಿಮೆ ಇತ್ತು. ಚರ್ಮಕ್ಕೂ ಎಲುಬಿಗೂ ಕೊಲಾಜನ್ ಎಂಬ ನಾರೇ ಆಧಾರ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ಮೆಟ್ಟುತ್ತಿದ್ದರಲ್ಲ, ಹಾಗೆ. ಹುಲ್ಲು ಕೊಳೆತರೆ ಗೋಡೆ ಬಿರಿಯುತ್ತದೆ.

ಆದರೆ ಇದು ಸಣ್ಣ ಪರೀಕ್ಷೆ. ಸುಕ್ಕಿದ್ದವರೆಲ್ಲರ ಎಲುಬು ಟೊಳ್ಳು ಎಂದು ಯಾರೂ ಹೇಳಿಲ್ಲ. ಗಂಗೊಳ್ಳಿಯಲ್ಲಿ ಬಿಸಿಲಲ್ಲಿ ಮೀನು ಮಾರುವವರ ಮುಖ ನಲವತ್ತಕ್ಕೇ ಬಾಡುತ್ತದೆ. ಅದು ಬಿಸಿಲಿನ ಸುಕ್ಕು. ಬುಟ್ಟಿ ಹೊತ್ತು ನಡೆಯುವ ಕೆಲಸ ಎಲುಬಿಗೆ ಒಳ್ಳೆಯದೇ. ಇನ್ನು ಸಪೂರ ಮೈಯ, ಹುಡುಗಿಯಂತೆ ಕಾಣುವ ಹೆಂಗಸರೇ ನಿಜಕ್ಕೂ ಹೆಚ್ಚು ಜಾಗ್ರತೆಯಲ್ಲಿ ಇರಬೇಕಾದವರು. ಮೈತೂಕ ತೀರ ಕಡಿಮೆ ಇದ್ದವರ ಎಲುಬು ಬೇಗ ಸವೆಯುತ್ತದೆ. ಬೈಂದೂರಿನಲ್ಲಿರುವ ನಮ್ಮ ಚಿಕ್ಕಮ್ಮ ಐವತ್ನಾಲ್ಕರಲ್ಲಿ ನಲವತ್ತರವರಂತೆ ಕಾಣುತ್ತಿದ್ದರು. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಕೈಯೂರಿದ್ದು ಅಷ್ಟೇ, ಮಣಿಕಟ್ಟು ಮುರಿಯಿತು. ಅಷ್ಟು ಸಣ್ಣ ಬೀಳುವಿಕೆಗೆ ಎಲುಬು ಮುರಿದರೆ ಅದು ಸವೆತದ ಗುರುತು ಎಂದರು ಡಾಕ್ಟರರು.

ಎಲುಬು ಗಟ್ಟಿಯಾಗುವುದು ಸುಮಾರು ಮೂವತ್ತರವರೆಗೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿದು, ಮೊದಲ ಕೆಲವು ವರ್ಷ ಸವೆತ ಬಹಳ ಬಿರುಸು. ನಲವತ್ತರ ಒಳಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ಕಾಲ ಆಗಲೇ ಶುರುವಾಗುತ್ತದೆ. ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ ಮೇಲೆ ಈ ವಿಷಯ ಕೇಳುವವರು ಎಷ್ಟು ಮಂದಿ? ದಯವಿಟ್ಟು ಕೇಳಿ. ದಮ್ಮಿಗೋ ಸಂಧಿವಾತಕ್ಕೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ತಿನ್ನುವವರು, ತಾಯಿಗೆ ಸೊಂಟದ ಎಲುಬು ಮುರಿದಿದ್ದವರು ಸಹ ಕೇಳಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಡೆಕ್ಸಾ ಎಂಬ ಪರೀಕ್ಷೆ ಮಾಡುತ್ತಾರೆ. ಸುಮ್ಮನೆ ಮಲಗಿದರೆ ಆಯಿತು, ನೋವಿಲ್ಲ.

ಕನ್ನಡಿಗಿಂತ ಬಾಗಿಲ ಚೌಕಟ್ಟು ಹೆಚ್ಚು ನಿಜ ಹೇಳುತ್ತದೆ. ಗೋಡೆಗೊರಗಿ ನಿಂತು ಎತ್ತರ ಗುರುತು ಮಾಡಿ, ವರ್ಷಕ್ಕೊಮ್ಮೆ ನೋಡಿ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರು ತಗ್ಗಿದ್ದರೆ ಬೆನ್ನೆಲುಬು ಕುಸಿದಿರಬಹುದು. ಮೊದಲಿನ ಹಾಗೇ ಉಟ್ಟರೂ ಸೀರೆ ನೆಲ ಗುಡಿಸುತ್ತಿದೆಯೇ, ಬೆನ್ನು ಗೂನಾಗುತ್ತಿದೆಯೇ? “ಪ್ರಾಯ ಆಯ್ತಲೆ” ಎಂದು ಬಿಟ್ಟುಬಿಡಬೇಡಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಪಟ್ಟಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ 240ರಷ್ಟು. ಮಕ್ಕಳಿಗೆ ರಾಗಿ ಮಣ್ಣಿ ಕಾಸಿ ಪಾತ್ರೆ ತೊಳೆದಿಡುತ್ತೇವಲ್ಲ, ಒಂದು ಬಟ್ಟಲು ನಮಗೂ ಇರಲಿ. ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ, ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯುವಷ್ಟು ಸಣ್ಣ ಮೀನು, ಇವೆಲ್ಲ ಅಗ್ಗದ ಔಷಧ. ಮುಖದ ಕ್ರೀಮು ಎಷ್ಟು ತಿಕ್ಕಿದರೂ ಎಲುಬಿಗೆ ಇಳಿಯುವುದಿಲ್ಲ.

ಸುಣ್ಣ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದು ಬಿಸಿಲಿನಿಂದ. ಒಳಗೇ ಕೂತು ಬೀಡಿ ಕಟ್ಟುವವರಿಗೆ, ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಬಿಸಿಲು ಸಿಗುವುದು ಎಲ್ಲಿ? ಮಧ್ಯಾಹ್ನ ಬಟ್ಟೆ ಒಣಹಾಕುವ ನೆವದಲ್ಲಾದರೂ ಕೈಕಾಲಿಗೆ ಸ್ವಲ್ಪ ಬಿಸಿಲು ತಾಗಲಿ. ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರೆ ಬೇಕೋ ಬೇಡವೋ ಎಂದು ಡಾಕ್ಟರರನ್ನೇ ಕೇಳಬೇಕು.

ಹಾಂ, ಅಂಗಳದ ಹಾವಸೆ ಕೆರೆಸಿ, ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿ. ಬಚ್ಚಲಿನಲ್ಲಿ ಹಿಡಿಯಲು ಗೋಡೆಗೆ ಒಂದು ಸರಳು ಹಾಕಿಸಿ. ಚಿಕ್ಕಮ್ಮನ ಮನೆಯಲ್ಲಿ ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನವೇ ಹಾಕಿಸಿದರು.