ಆಕಾಶಕ್ಕೆ ಬಿದ್ದ ಬೀಗ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಮೇಲೆ ನಿಂತವನಿಗೆ ಕಾಣುವುದು ಎದುರಿನ ಜಲರಾಶಿ, ಸುತ್ತಲಿನ ಕಾಡು, ಇಷ್ಟೇ. ಈ ನೀರು ನಾಲೆಗಳಲ್ಲಿ ಹರಿದು ಎಷ್ಟು ಗದ್ದೆಗಳನ್ನು ಮುಟ್ಟಿತು, ನಾಲೆಯ ಕೊನೆಯ ರೈತನ ಪಾಲಿಗೆ ಉಳಿದದ್ದೆಷ್ಟು ಎಂಬುದನ್ನು ಒಂದೇ ನೋಟದಲ್ಲಿ ಅರಿಯಬೇಕಾದರೆ ನೂರಾರು ಮೈಲಿ ಮೇಲಕ್ಕೇರಬೇಕು. ಉಪಗ್ರಹಗಳು ತೆಗೆದ ಚಿತ್ರಗಳಿಂದ ಭದ್ರಾ ಅಚ್ಚುಕಟ್ಟಿನ ಬತ್ತದ ಬೆಳೆಯನ್ನು ಅಳೆದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಆಕಾಶದ ಕಣ್ಣು ರೈತನ ಗದ್ದೆಗೆ ಎಷ್ಟು ಹತ್ತಿರವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದರೆ ಆ ಕಣ್ಣನ್ನು ಮೇಲಕ್ಕೊಯ್ಯುವ ಹಾದಿ ಎಲ್ಲರಿಗೂ ತೆರೆದಿರಲಿಲ್ಲ. ಉಪಗ್ರಹವನ್ನು ಹೊರುವ ರಾಕೆಟ್ಟು ಸಿಡಿತಲೆಯನ್ನೂ ಹೊರಬಲ್ಲುದು. ಈ ಭಯದಿಂದಲೇ 1987ರಲ್ಲಿ 7 ಶ್ರೀಮಂತ ರಾಷ್ಟ್ರಗಳು ಕ್ಷಿಪಣಿ ವಿದ್ಯೆಯ ರಫ್ತಿಗೆ ಕಡಿವಾಣ ಹಾಕಲು ಒಡಂಬಟ್ಟವು.

ಬೆಂಗಳೂರಿನ ಇಸ್ರೊ ಸಂಸ್ಥೆ 1991ರಲ್ಲಿ ಸೋವಿಯತ್ ದೇಶದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಒಂದು ಕರಾರು ಮಾಡಿಕೊಂಡಿತ್ತು. ಭಾರವಾದ ಉಪಗ್ರಹಗಳನ್ನೆತ್ತುವ ಕ್ರಯೋಜೆನಿಕ್ ಎಂಜಿನ್ನುಗಳನ್ನೂ ಅವುಗಳ ತಯಾರಿಕೆಯ ವಿದ್ಯೆಯನ್ನೂ ಕೊಳ್ಳುವ ಕರಾರು ಅದು. ಆಗ ಇಸ್ರೊದ ಅಧ್ಯಕ್ಷರಾಗಿದ್ದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಈ ಎಂಜಿನ್ನಿನ ಇಂಧನವಾದ ದ್ರವ ಜಲಜನಕವನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಶೈತ್ಯದಲ್ಲಿಡಬೇಕು. ತುಂಬಿಟ್ಟುಕೊಂಡು ಕಾಯಲಾಗದ ಇಂಧನ ಕ್ಷಿಪಣಿಗೆ ಒಗ್ಗದು ಎಂಬುದು ಭಾರತದ ವಾದ. ಅಮೆರಿಕ ಒಪ್ಪಲಿಲ್ಲ. 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ 2 ವರ್ಷಗಳ ನಿರ್ಬಂಧ ಬಿತ್ತು. 1993ರಲ್ಲಿ ರಷ್ಯ ಮಾತು ಬದಲಿಸಿತು. ಸಿದ್ಧ ಎಂಜಿನ್ನುಗಳನ್ನು ಕೊಡಲು ಒಪ್ಪಿತು, ವಿದ್ಯೆಯನ್ನು ಕೊಡಲಿಲ್ಲ. ಅಡುಗೆ ಬಂದಿತು, ಅಡುಗೆ ಮಾಡುವ ಬಗೆ ಬರಲಿಲ್ಲ.

ಆ ಬಗೆಯನ್ನು ಇಲ್ಲಿಯೇ ಕಲಿಯಬೇಕಾಯಿತು. 2010ರ ಏಪ್ರಿಲಿನಲ್ಲಿ ಸ್ವದೇಶಿ ಎಂಜಿನ್ನು ಹೊತ್ತ ಮೊದಲ ಹಾರಾಟ ಸೋತಿತು. 2014ರ ಜನವರಿ 5ರಂದು ಗೆಲುವು ದೊರೆಯಿತು. ನಿರ್ಬಂಧ ಬಿದ್ದು ಅಷ್ಟರಲ್ಲಿ 21 ವರ್ಷಗಳು ಸಂದಿದ್ದುವು. ವಿದ್ಯೆಯೇ ಕಠಿನವಾದದ್ದು; ಕಳೆದ ಕಾಲವನ್ನೆಲ್ಲ ನಿರ್ಬಂಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಬೆಲೆ ತೆತ್ತದ್ದು ನಿಜ.

ಬೀಗ ಒಮ್ಮೆಗೇ ಕಳಚಲಿಲ್ಲ. 1998ರ ಪೋಖರಣ್ ಸ್ಫೋಟಗಳ ಬಳಿಕ ಹೊಸ ನಿರ್ಬಂಧಗಳು ಬಂದುವು. 2001ರ ಸೆಪ್ಟೆಂಬರಿನಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ವಿನಾಯಿತಿ ಸಿಕ್ಕಿತು. 2008ರಲ್ಲಿ ಚಂದ್ರಯಾನ ಅಮೆರಿಕದ 2 ಉಪಕರಣಗಳನ್ನು ಹೊತ್ತು ನಡೆಯಿತು. ಆದರೂ ಇಸ್ರೊದ ಅಂಗಸಂಸ್ಥೆಗಳ ಹೆಸರು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಿಂದ ಅಳಿದದ್ದು 2011ರಲ್ಲಿ. ಅಲ್ಲಿನ ವಾಣಿಜ್ಯ ಉಪಗ್ರಹಗಳು ಭಾರತದ ರಾಕೆಟ್ಟನ್ನೇರಲು ಸರ್ಕಾರದ ವಿಶೇಷ ವಿನಾಯಿತಿ ಬೇಕಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಅಂಥ 4 ಪುಟ್ಟ ಉಪಗ್ರಹಗಳು ಶ್ರೀಹರಿಕೋಟೆಯಿಂದ ಏರಿದುವು.

2025ರ ಜುಲೈ 30ರಂದು ಕಾಲಚಕ್ರ ಒಂದು ಸುತ್ತು ತಿರುಗಿತು. ಅಮೆರಿಕದ ನಾಸಾ ಮತ್ತು ಇಸ್ರೊ ಕೂಡಿ ನಿರ್ಮಿಸಿದ ‘ನಿಸಾರ್’ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿದ ರಾಕೆಟ್ಟಿನಲ್ಲಿದ್ದುದು ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನೇ. ಯಾವ ವಿದ್ಯೆಯನ್ನು ಕೊಡಗೂಡದೆಂದು ಅಮೆರಿಕ ತಡೆದಿತ್ತೋ, ಅದೇ ವಿದ್ಯೆ ಅಮೆರಿಕದ ಸಲಕರಣೆಯನ್ನು ಹೊತ್ತೊಯ್ಯಿತು. ನಿಸಾರ್ ಮಾಡಬೇಕಾದ ಕೆಲಸಗಳಲ್ಲಿ ಮಣ್ಣಿನ ತೇವವನ್ನು ಅಳೆಯುವುದೂ ಒಂದು. ಲಕ್ಕವಳ್ಳಿಯ ನೀರನ್ನು ಕಾಯುವ ರೈತನಿಗೆ ಬೇಕಾದದ್ದೂ ಅದೇ ಲೆಕ್ಕ.