ಲೇಬಲ್ ವಿನ್ಯಾಸದಲ್ಲಿ ಫಾಂಟ್ ಕೊರತೆ: ಕಾರಣ ಮತ್ತು ಪರಿಹಾರ

ಫೋಟೋಶಾಪ್‌ನಲ್ಲಿ ಸಿದ್ಧಪಡಿಸಿದ ಲೇಬಲ್ ವಿನ್ಯಾಸವನ್ನು ಮುದ್ರಣಾಲಯದಲ್ಲಿ ತೆರೆದಾಗ ಫಾಂಟ್ ಇಲ್ಲವೆಂಬ ಎಚ್ಚರಿಕೆ ಮೂಡುವುದುಂಟು. ಪಿಎಸ್‌ಡಿ ಕಡತದಲ್ಲಿ ಫಾಂಟಿನ ಹೆಸರಿರುತ್ತದೆಯೇ ಹೊರತು ಫಾಂಟ್ ಅಡಕವಾಗಿರುವುದಿಲ್ಲ. ಪಠ್ಯವನ್ನು ಮುಟ್ಟುವವರೆಗೆ ಹಳೆಯ ರೂಪವೇ ಕಾಣುತ್ತದೆ. ಬೆಲೆಯನ್ನು ತಿದ್ದಲು ಹೊರಟರೆ ಬೇರೊಂದು ಫಾಂಟ್ ಆ ಸ್ಥಾನಕ್ಕೆ ಬರುತ್ತದೆ.

ಕನ್ನಡಕ್ಕೆ ಇದರ ಅಪಾಯ ಹೆಚ್ಚು. ಯೂನಿಕೋಡ್‌ಪೂರ್ವದ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿರುವುದರಿಂದ, ಫಾಂಟ್ ಬದಲಾದೊಡನೆ ಇಡೀ ವಾಕ್ಯ ಅರ್ಥಹೀನ ರೋಮನ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್ ಪಠ್ಯವಾದರೆ, ಮತ್ತೊಂದು ಕನ್ನಡ ಯೂನಿಕೋಡ್ ಫಾಂಟನ್ನು ಆರಿಸಿ ಅದನ್ನು ಉಳಿಸಿಕೊಳ್ಳಬಹುದು.

ಫಾಂಟ್ ಅಳವಡಿಸಿದ ಮೇಲೂ ಎಚ್ಚರಿಕೆ ತೊಲಗದಿದ್ದರೆ ಅದು ಟೈಪ್ 1 ಮಾದರಿಯದೇ ಎಂದು ಪರೀಕ್ಷಿಸಬೇಕು. ಫೋಟೋಶಾಪ್ 2021ರಲ್ಲಿಯೇ ಆ ಮಾದರಿಯ ಬೆಂಬಲವನ್ನು ನಿಲ್ಲಿಸಿತು. ಆಗ ಅದೇ ಫಾಂಟಿನ ಓಪನ್‌ಟೈಪ್ ರೂಪವನ್ನು ಪಡೆಯುವುದು ಸೂಕ್ತ.

ವಿನ್ಯಾಸಕಾರರಿಂದ ಎರಡು ಕಡತಗಳನ್ನು ಪಡೆದಿಡುವುದು ಕ್ಷೇಮ: ತಿದ್ದಬಹುದಾದ ಮೂಲಪ್ರತಿ ಹಾಗೂ 'ಕನ್ವರ್ಟ್ ಟು ಶೇಪ್' ಮೂಲಕ ಅಕ್ಷರಗಳನ್ನು ಆಕೃತಿಗಳಾಗಿಸಿದ ಮುದ್ರಣಪ್ರತಿ. ಪರವಾನಗಿಯ ಅನುಮತಿಯಿದ್ದಲ್ಲಿ ಫಾಂಟ್ ಕಡತವೂ ಜೊತೆಗಿರಲಿ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆಗಳು ಕಾನೂನಿನಂತೆ ಕಡ್ಡಾಯವಾದ ವಿವರಗಳು. ಆದ್ದರಿಂದ ಕರಡಚ್ಚನ್ನು ಅಕ್ಷರಶಃ ಓದಿದ ನಂತರವೇ ಮುದ್ರಣಕ್ಕೆ ಒಪ್ಪಿಗೆಯ ಸಹಿ ಹಾಕತಕ್ಕದ್ದು.