ಮನೆಬಳಕೆಯ ವಿದ್ಯುತ್ತಿನ ಬೆಲೆ

ವಿದ್ಯುತ್ತಿನ ದರಪಟ್ಟಿಗೆ ಆಂಗ್ಲಭಾಷೆಯಲ್ಲಿ ‘ಟ್ಯಾರಿಫ್’ ಎಂಬ ಹೆಸರು ರೂಢಿಯಲ್ಲಿದೆ. ಈ ಶಬ್ದ ಆ ಭಾಷೆಯ ಸ್ವಂತ ಆಸ್ತಿಯಲ್ಲ. ಅರಬ್ಬೀ ಭಾಷೆಯ ‘ತಅರೀಫ್’ ಎಂಬುದು ಇಟಲಿಯ ವರ್ತಕರ ಬಾಯಲ್ಲಿ ರೂಪಾಂತರ ಹೊಂದಿ ಯೂರೋಪಿನ ಇತರ ಭಾಷೆಗಳಿಗೆ ಹಬ್ಬಿತು. ‘ತಿಳಿಯಪಡಿಸುವುದು’ ಎಂಬುದೇ ಅದರ ಮೂಲಾರ್ಥ. ನಮ್ಮಲ್ಲಿ ಸಂಸ್ಕೃತದ ‘ಶುಲ್ಕ’ವು ‘ಸುಂಕ’ವೆಂಬ ತದ್ಭವವಾಗಿ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ, ಅದರಲ್ಲಿ ತೆರುವ ಅರ್ಥವುಂಟೇ ಹೊರತು ಮೊದಲೇ ತಿಳಿಯಪಡಿಸುವ ಅರ್ಥವಿಲ್ಲ. ಭಾಷಾವಿಷಯಕವಾದ ಈ ಚಿಕ್ಕ ಮಾತನ್ನು ಮೊದಲಿಗೆ ಎತ್ತಿದುದಕ್ಕೆ ಕಾರಣವುಂಟು. ಮನೆಬಳಕೆಯ ವಿದ್ಯುತ್ತಿನ ಬೆಲೆಯನ್ನು ಮಾರುಕಟ್ಟೆಗೆ ಬಿಡಬೇಕೆ, ಇಲ್ಲವೆ ಸರ್ಕಾರವು ಗೊತ್ತುಮಾಡಬೇಕೆ ಎಂಬ ವಾದವು ಎಷ್ಟೋ ಗ್ರಂಥಗಳನ್ನು ತುಂಬಿದೆ. ಆ ವಾದದ ಹೆಚ್ಚಿನ ಭಾಗವು ಒಂದೇ ಪ್ರಶ್ನೆಯ ಸುತ್ತ ತಿರುಗುವಂತೆ ನನಗೆ ತೋರುತ್ತದೆ: ಗೃಹಸ್ಥನು ದೀಪದ ಗುಂಡಿಯನ್ನೊತ್ತುವ ಮುಂಚೆ ಅದರ ಬೆಲೆ ಅವನಿಗೆ ತಿಳಿದಿರಬೇಕೆ? ತಿಳಿದಿರಬೇಕಾದರೆ, ತಿಳಿಸಿದ ಬೆಲೆಗೂ ನಿಜವಾದ ವೆಚ್ಚಕ್ಕೂ ಬೀಳುವ ಅಂತರವನ್ನು ಯಾರು ಹೊರಬೇಕು?

ಅಂತರ ಏಕೆ ಬೀಳುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ವರ್ಷಗಟ್ಟಲೆ ಕಾಯಬಹುದು. ವಿದ್ಯುತ್ತನ್ನು ಹಾಗೆ ಕೂಡಿಡಲು ಬರುವುದಿಲ್ಲ. ಬ್ಯಾಟರಿಗಳೂ ನೀರನ್ನು ಮೇಲಕ್ಕೆತ್ತಿ ಮತ್ತೆ ಧುಮುಕಿಸುವ ಜಲಾಶಯಗಳೂ ಈಗ ಬೆಳೆಯುತ್ತಿವೆಯಾದರೂ ಅವುಗಳಲ್ಲಿ ಹಿಡಿಯುವುದು ಒಟ್ಟು ಬಳಕೆಯ ಅಲ್ಪಭಾಗ ಮಾತ್ರ. ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮವಾಗಿರಲೇಬೇಕು. ಆದಕಾರಣ ನಡುರಾತ್ರಿಯ ಒಂದು ಯೂನಿಟ್ಟೂ ಸಂಜೆ ಏಳು ಗಂಟೆಯ ಒಂದು ಯೂನಿಟ್ಟೂ ನೋಡಲು ಒಂದೇ ಆದರೂ ವೆಚ್ಚದಲ್ಲಿ ಬೇರೆ ಬೇರೆ ಸರಕುಗಳು. ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನವನ್ನು ಹದಿನೈದು ನಿಮಿಷಗಳ ೯೬ ಭಾಗಗಳಾಗಿ ಒಡೆದು ಒಂದೊಂದಕ್ಕೂ ಪ್ರತ್ಯೇಕವಾದ ಬೆಲೆಯನ್ನು ಕಟ್ಟುತ್ತಾರೆ. ಈ ಬೆಲೆ ಒಂದೇ ದಿನದಲ್ಲಿ ಹಲವು ಪಟ್ಟು ಏರಿಳಿಯುವುದುಂಟು. ಒಲೆಯ ಮುಂದೆ ನಿಂತ ಗೃಹಿಣಿಯು ದಿನಕ್ಕೆ ತೊಂಬತ್ತಾರು ಬಾರಿ ಬೆಲೆ ವಿಚಾರಿಸುವುದು ಆಗಹೋಗದ ಮಾತು.

ಇನ್ನೊಂದು ಸಂಗತಿಯೂ ಇದೆ. ಒಂದು ಬೀದಿಗೆ ಒಂದೇ ಸಾಲು ಕಂಬ ಸಾಕು. ಸ್ಪರ್ಧೆಯ ಹೆಸರಿನಲ್ಲಿ ಐದು ಸಂಸ್ಥೆಗಳು ಐದು ಸಾಲು ನೆಟ್ಟರೆ ಖರ್ಚು ಐದುಪಟ್ಟಾಗುವುದಲ್ಲದೆ ಬೆಲೆ ಇಳಿಯದು. ಆದುದರಿಂದ ತಂತಿಯ ಬಾಡಿಗೆಯನ್ನು ಅಧಿಕಾರಿಯೊಬ್ಬನು ಗೊತ್ತುಮಾಡಬೇಕೆಂಬುದರಲ್ಲಿ ಮಾರುಕಟ್ಟೆಯ ಪಕ್ಷಪಾತಿಗಳಿಗೂ ತಕರಾರಿಲ್ಲ. ವ್ಯಾಜ್ಯವಿರುವುದು ಉತ್ಪತ್ತಿ ಮತ್ತು ಚಿಲ್ಲರೆ ಮಾರಾಟ ಈ ಎರಡನ್ನು ಕುರಿತು.

ಪೂರ್ವಪಕ್ಷವನ್ನು ಅದರ ಬಲವೆಲ್ಲ ಕಾಣುವಂತೆ ಹೇಳುವುದು ನ್ಯಾಯ. ಮಾರುವವನ ಖರ್ಚನ್ನೆಲ್ಲ ಒಪ್ಪಿಕೊಂಡು ಅದರ ಮೇಲೆ ಇಷ್ಟು ಲಾಭವೆಂದು ಕೊಟ್ಟರೆ ಅವನು ಮಿತವ್ಯಯವನ್ನು ಕಲಿಯುವುದೇ ಇಲ್ಲ. ಈ ಕ್ರಮ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂಬ ಕಟ್ಟಳೆಯನ್ನು ಕಾಣುತ್ತೇವೆ. ಆದರೆ ಸಂತೆಯ ಬಟ್ಟೆಯ ಅಸಲನ್ನು ಪರೀಕ್ಷಿಸಿದಂತೆ ವಿದ್ಯುದಾಗಾರದ ಅಸಲನ್ನು ಪರೀಕ್ಷಿಸುವುದು ಸುಲಭವಲ್ಲ. ಲೆಕ್ಕದ ಪುಸ್ತಕವು ಮಾರುವವನ ಕೈಯಲ್ಲೇ ಇರುತ್ತದೆ. ಇದನ್ನು ಕಂಡೇ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಸ್ಟೀಫನ್ ಲಿಟಲ್‌ಚೈಲ್ಡ್ ೧೯೮೩ರಲ್ಲಿ ದೂರವಾಣಿ ಸಂಸ್ಥೆಗೆಂದು ಒಂದು ಸೂತ್ರವನ್ನು ಸೂಚಿಸಿದನು: ಸಾಮಾನ್ಯ ಬೆಲೆಗಳು ಏರಿದ ಪ್ರಮಾಣದಿಂದ ಗೊತ್ತಾದ ಒಂದಂಶವನ್ನು ಕಳೆದು ಉಳಿದಷ್ಟೇ ದರ ಏರಬಹುದು, ಅದರೊಳಗೆ ಉಳಿತಾಯ ಮಾಡಿದರೆ ಲಾಭ ಸಂಸ್ಥೆಯದು. ಸ್ಪರ್ಧೆ ಬರುವವರೆಗೆ ಮಾತ್ರ ಈ ಕಟ್ಟು, ಬಂದ ಮೇಲೆ ಬೇಡ ಎಂಬುದು ಅವನ ಮತ. ಆ ದೇಶದ ವಿದ್ಯುತ್ ನಿಯಂತ್ರಣಕ್ಕೆ ಮೊದಲ ಅಧಿಕಾರಿಯಾದವನೂ ಅವನೇ.

ಬ್ರಿಟನ್ನಿನ ಪ್ರಯೋಗವು ಈ ಸಿದ್ಧಾಂತದ ಒರೆಗಲ್ಲು. ೧೯೮೯ರ ಕಾಯಿದೆಯ ಮೇರೆಗೆ ಸರ್ಕಾರದ ವಿದ್ಯುತ್ ಸಂಸ್ಥೆಗಳನ್ನು ಒಡೆದು, ೧೯೯೦ರಿಂದ ಅವುಗಳ ಪಾಲುಗಳನ್ನು ಜನರಿಗೆ ಮಾರಿದರು. ೧೯೯೮ರ ಸೆಪ್ಟೆಂಬರಿನಿಂದ ೧೯೯೯ರ ಮೇ ತಿಂಗಳೊಳಗೆ ಪ್ರತಿಯೊಂದು ಮನೆಗೂ ಮಾರಾಟಗಾರನನ್ನು ಆರಿಸಿಕೊಳ್ಳುವ ಹಕ್ಕು ದೊರೆಯಿತು. ೨೦೦೨ರಲ್ಲಿ ಚಿಲ್ಲರೆ ಬೆಲೆಯ ಮೇಲಿನ ಕಟ್ಟು ಪೂರ್ತಿಯಾಗಿ ಬಿಚ್ಚಿತು. ಮುಂದೆ ನಡೆದುದನ್ನು ಸಿದ್ಧಾಂತಿಗಳು ಊಹಿಸಿರಲಿಲ್ಲ. ವರ್ಷಕ್ಕೊಮ್ಮೆ ದರಗಳನ್ನು ಹೋಲಿಸಿ ಮಾರಾಟಗಾರನನ್ನು ಬದಲಾಯಿಸುವ ಚುರುಕಿನವರಿಗೆ ಅಗ್ಗದ ವಿದ್ಯುತ್ತು ಸಿಕ್ಕಿತು. ಹಳೆಯ ಅಂಗಡಿಯನ್ನೇ ನಂಬಿ ಕುಳಿತ ಮುದುಕರೂ ಬಡವರೂ ಆ ಅಗ್ಗದ ಭಾರವನ್ನು ಹೊತ್ತರು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವು ೨೦೧೬ರ ವರದಿಯಲ್ಲಿ, ೨೦೧೨ರಿಂದ ೨೦೧೫ರವರೆಗೆ ಮನೆಗಳು ವಿದ್ಯುತ್ತಿಗೂ ಅನಿಲಕ್ಕೂ ವರ್ಷಕ್ಕೆ ಸರಾಸರಿ ೧೪೦ ಕೋಟಿ ಪೌಂಡುಗಳಷ್ಟು ಹೆಚ್ಚಾಗಿ ತೆತ್ತವೆಂದು ಕಂಡುಹಿಡಿಯಿತು. ನಂಬಿಕೆಗೆ ದಂಡ ವಿಧಿಸುವ ಮಾರುಕಟ್ಟೆಯಿದು. ೨೦೧೮ರಲ್ಲಿ ಹೊಸ ಕಾಯಿದೆಯಾಗಿ ೨೦೧೯ರ ಜನವರಿ ೧ರಿಂದ ಬೆಲೆಗೆ ಮತ್ತೆ ಮೇಲ್ಮಿತಿ ಬಂದಿತು. ಈ ಕಾಯಿದೆಯನ್ನು ತಂದವರು ಕನ್ಸರ್ವೆಟಿವ್ ಪಕ್ಷದವರೇ, ಅಂದರೆ ಮೂವತ್ತು ವರ್ಷಗಳ ಹಿಂದೆ ಸಂಸ್ಥೆಗಳನ್ನು ಮಾರಿದವರೇ, ಎಂಬುದನ್ನು ಇಲ್ಲಿ ನೆನೆಯಬಹುದು.

ಮೇಲ್ಮಿತಿಯ ಪರೀಕ್ಷೆಯು ೨೦೨೧ರಲ್ಲಿ ನಡೆಯಿತು. ಅನಿಲದ ಸಗಟು ಬೆಲೆ ಹಠಾತ್ತಾಗಿ ಏರಿದಾಗ ಮೂವತ್ತಕ್ಕೆ ಹತ್ತಿರದಷ್ಟು ಮಾರಾಟ ಸಂಸ್ಥೆಗಳು ಒಂದರ ಹಿಂದೆ ಒಂದು ದಿವಾಳಿಯಾದವು. ಮೇಲ್ಮಿತಿಯೇ ಅವುಗಳನ್ನು ಕೊಂದಿತೆಂದು ಕೆಲವರ ವಾದ. ನನಗೆ ಇದು ಸರಿತೋರುವುದಿಲ್ಲ. ವರ್ಷದ ಬೆಲೆಯನ್ನು ಗಿರಾಕಿಗೆ ಮಾತುಕೊಟ್ಟು, ಆ ವರ್ಷದ ವಿದ್ಯುತ್ತನ್ನು ಮುಂಗಡವಾಗಿ ಕೊಂಡಿಡದ ವರ್ತಕನು ವ್ಯಾಪಾರ ಮಾಡುತ್ತಿರಲಿಲ್ಲ, ಜೂಜಾಡುತ್ತಿದ್ದನು. ಗೆದ್ದರೆ ಲಾಭ ಅವನಿಗೆ. ಸೋತಾಗ ಅವನ ಗಿರಾಕಿಗಳನ್ನು ಬೇರೆಯವರಿಗೆ ವಹಿಸಿದ ವೆಚ್ಚವನ್ನು ದೇಶದ ಎಲ್ಲ ಮನೆಗಳ ಬಿಲ್ಲಿಗೆ ಹಂಚಿದರು. ೨೦೨೨ರ ಅಕ್ಟೋಬರಿಗೆ ವಿದ್ಯುತ್ತು ಅನಿಲಗಳೆರಡೂ ಸೇರಿ ಸಾಧಾರಣ ಮನೆಯ ವಾರ್ಷಿಕ ಮೇಲ್ಮಿತಿ ೩,೫೪೯ ಪೌಂಡುಗಳಿಗೆ ಏರಬೇಕಾಗಿದ್ದಿತು. ಸರ್ಕಾರವು ಅದನ್ನು ೨,೫೦೦ಕ್ಕೆ ತಡೆದು ಉಳಿದುದನ್ನು ಬೊಕ್ಕಸದಿಂದ ತುಂಬಿತು. ಹೀಗೆ ಅಂತರದ ಹೊರೆಯು ಮಾರಾಟಗಾರನಿಂದ ಗಿರಾಕಿಗೆ, ಗಿರಾಕಿಯಿಂದ ತೆರಿಗೆದಾರನಿಗೆ ಹೆಗಲು ಬದಲಾಯಿಸಿತು.

ಅಮೆರಿಕದ ಕ್ಯಾಲಿಫೋರ್ನಿಯದ ಕಥೆಯನ್ನು ಎರಡು ಪಕ್ಷದವರೂ ತಮ್ಮ ತಮ್ಮ ಸಾಕ್ಷಿಗೆ ಕರೆಯುತ್ತಾರೆ. ೧೯೯೬ರ ಶಾಸನದಂತೆ ೧೯೯೮ರಲ್ಲಿ ಸಗಟು ಪೇಟೆಯನ್ನು ತೆರೆದು, ಮನೆಯ ದರವನ್ನು ಮಾತ್ರ ನೂರಕ್ಕೆ ಹತ್ತು ಇಳಿಸಿ ಹಾಗೆಯೇ ಕಟ್ಟಿಹಾಕಿದರು. ೨೦೦೦ದ ಬೇಸಿಗೆಯಲ್ಲಿ ಸಗಟು ಬೆಲೆ ಆಕಾಶಕ್ಕೇರಿತು. ಬರವೊಂದು ಕಾರಣವಾದರೆ, ಎನ್ರಾನ್ ಮೊದಲಾದ ಸಂಸ್ಥೆಗಳ ವರ್ತಕರು ಕೃತಕವಾಗಿ ಸೃಷ್ಟಿಸಿದ ಅಭಾವವೂ ಒಂದು ಕಾರಣವೆಂಬುದು ಆಮೇಲೆ ಬಯಲಾಯಿತು. ದುಬಾರಿಯಾಗಿ ಕೊಂಡು ಅಗ್ಗವಾಗಿ ಮಾರಬೇಕಾದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಸಂಸ್ಥೆ ೨೦೦೧ರ ಏಪ್ರಿಲಿನಲ್ಲಿ ದಿವಾಳಿಯ ಅರ್ಜಿ ಹಾಕಿತು. ಊರೂರಿನಲ್ಲಿ ಸರದಿಯ ಕತ್ತಲೆ ಕವಿಯಿತು. ಸ್ಯಾನ್ ಡಿಯೇಗೋ ನಗರದ ದರದ ಕಟ್ಟು ೧೯೯೯ರಲ್ಲೇ ಕಳಚಿದ್ದುದರಿಂದ ಅಲ್ಲಿ ಸಂಸ್ಥೆಯು ನೇರವಾಗಿ ಗಿರಾಕಿಯ ಮೇಲೆ ಭಾರ ಹಾಕಿತು. ಕೆಲವೇ ತಿಂಗಳಲ್ಲಿ ಬಿಲ್ಲುಗಳು ಎರಡು ಪಟ್ಟಿಗೂ ಮೀರಿದವು. ಜನರ ಕೂಗಿಗೆ ಶಾಸನಸಭೆಯು ಮತ್ತೆ ಕಟ್ಟು ವಿಧಿಸಬೇಕಾಯಿತು. ಒಂದು ತುದಿಯನ್ನು ಬಿಚ್ಚಿ ಇನ್ನೊಂದು ತುದಿಯನ್ನು ಬಿಗಿದ ಈ ಏರ್ಪಾಡನ್ನು ಮಾರುಕಟ್ಟೆಯ ಸೋಲೆನ್ನುವುದೂ ನಿಯಂತ್ರಣದ ಸೋಲೆನ್ನುವುದೂ ಅರ್ಧಸತ್ಯ.

ಟೆಕ್ಸಸ್‌ನಲ್ಲಿ ಎರಡು ತುದಿಗಳೂ ಬಿಚ್ಚಿದ್ದವು. ೨೦೦೨ರಿಂದ ಅಲ್ಲಿನ ಹೆಚ್ಚಿನ ಪ್ರದೇಶಗಳಲ್ಲಿ ಚಿಲ್ಲರೆ ಮಾರಾಟ ಮುಕ್ತವಾಗಿದೆ. ಗ್ರಿಡ್ಡಿ ಎಂಬ ಸಂಸ್ಥೆಯು ತಿಂಗಳಿಗೆ ಹತ್ತು ಡಾಲರುಗಳಷ್ಟು ಚಂದಾ ಪಡೆದು ಸಗಟು ಬೆಲೆಯನ್ನೇ ಗೃಹಸ್ಥನಿಗೆ ನೇರವಾಗಿ ದಾಟಿಸುತ್ತಿತ್ತು. ಶುದ್ಧ ಸಿದ್ಧಾಂತದ ದೃಷ್ಟಿಯಿಂದ ಇದಕ್ಕಿಂತ ಪ್ರಾಮಾಣಿಕವಾದ ವ್ಯಾಪಾರವಿಲ್ಲ. ೨೦೨೧ರ ಫೆಬ್ರವರಿಯ ಹಿಮಗಾಳಿಗೆ ಅನಿಲದ ಕೊಳವೆಗಳೂ ಯಂತ್ರಗಳೂ ಹೆಪ್ಪುಗಟ್ಟಿದಾಗ ಸಗಟು ಬೆಲೆ ಯೂನಿಟ್ಟಿಗೆ ೯ ಡಾಲರುಗಳ ಮಿತಿಯನ್ನು ಮುಟ್ಟಿ ದಿನಗಟ್ಟಲೆ ಅಲ್ಲಿಯೇ ನಿಂತಿತು. ಸಾಧಾರಣ ಕಾಲದಲ್ಲಿ ಮನೆಗಳು ತೆರುತ್ತಿದ್ದುದು ಯೂನಿಟ್ಟಿಗೆ ೧೨ ಸೆಂಟುಗಳ ಆಸುಪಾಸು. ತನ್ನನ್ನು ಬಿಟ್ಟು ಬೇರೆ ಮಾರಾಟಗಾರರಲ್ಲಿಗೆ ಹೋಗಿರೆಂದು ಆ ಸಂಸ್ಥೆಯೇ ಗಿರಾಕಿಗಳಿಗೆ ಬರೆಯಿತು. ಉಳಿದವರಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಬೆಲೆ ಏರಿದರೆ ಜನ ಬಳಕೆಯನ್ನು ತಗ್ಗಿಸುವರೆಂಬ ನ್ಯಾಯ ಇಲ್ಲಿ ನಡೆಯಲಿಲ್ಲ; ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಕೋಣೆಯ ಕಾವನ್ನು ಯಾರು ಆರಿಸುತ್ತಾರೆ? ಬೆಲೆ ಅಷ್ಟೇರಿದರೂ ಲಕ್ಷಾಂತರ ಮನೆಗಳಿಗೆ ವಿದ್ಯುತ್ತು ಬರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಆ ರಾಜ್ಯವು ಮನೆಗಳಿಗೆ ಸಗಟು ಬೆಲೆಯ ಕರಾರುಗಳನ್ನು ಕಾಯಿದೆಯಿಂದ ನಿಷೇಧಿಸಿತು.

ನಮ್ಮ ನಾಡಿನ ಕಡೆಗೆ ತಿರುಗೋಣ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ದೀಪಗಳು ಬೆಳಗಿದುದು ೧೯೦೫ರಲ್ಲಿ. ಮಾರುವುದೂ ಬೆಲೆ ಕಟ್ಟುವುದೂ ಸರ್ಕಾರದ್ದೇ ಆಗಿದ್ದ ಆ ವ್ಯವಸ್ಥೆಯು, ೧೯೫೭ರಲ್ಲಿ ಸ್ಥಾಪಿತವಾದ ಮಂಡಳಿಯ ಕಾಲದಲ್ಲಿಯೂ ತತ್ತ್ವತಃ ಮುಂದುವರಿಯಿತು. ೧೯೯೯ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹುಟ್ಟಿದಾಗ ಮಾರುವವನೂ ಬೆಲೆ ಕಟ್ಟುವವನೂ ಬೇರೆಯಾದರು. ೨೦೦೨ರಲ್ಲಿ ವಿತರಣೆಯನ್ನು ಪ್ರಾಂತವಾರು ಸಂಸ್ಥೆಗಳಿಗೆ ಹಂಚಿದರು. ಗೃಹಸ್ಥನಿಗೆ ಮಾರಾಟಗಾರನ ಆಯ್ಕೆ ಮಾತ್ರ ಬರಲಿಲ್ಲ. ಅವನ ಪರವಾಗಿ ವಾದಿಸಬೇಕಾದ ಸ್ಥಳ ಪೇಟೆಯಲ್ಲ, ಆಯೋಗದ ವಿಚಾರಣೆ. ಕಾಯಿದೆಯ ಪ್ರಕಾರ ಸಂಸ್ಥೆಯು ದರದ ಅರ್ಜಿಯನ್ನು ಪ್ರಕಟಿಸಬೇಕು, ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಿ ೧೨೦ ದಿನಗಳೊಳಗೆ ಆಯೋಗವು ಆಜ್ಞೆ ಹೊರಡಿಸಬೇಕು. ಕೈಗಾರಿಕೆಗಳಿಗೆ ಲೆಕ್ಕಿಗರೂ ವಕೀಲರೂ ಉಂಟು. ಮನೆಗಳ ಪರವಾಗಿ ನೂರಾರು ಪುಟಗಳ ಆ ಅರ್ಜಿಯನ್ನು ಕೂತು ಓದುವವರು ಯಾರು?

ನಮ್ಮಲ್ಲಿ ಅಂತರವನ್ನು ಹೊರುವ ರೀತಿಯೂ ಬೇರೆ. ಕಾರ್ಖಾನೆಗಳೂ ಅಂಗಡಿಗಳೂ ವೆಚ್ಚಕ್ಕಿಂತ ಹೆಚ್ಚು ತೆತ್ತು ಇತರರ ಭಾರವನ್ನು ಸ್ವಲ್ಪಮಟ್ಟಿಗೆ ಹೊರುತ್ತವೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳ ವೆಚ್ಚ ಸರ್ಕಾರದ್ದು. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು, ೨೦೨೨–೨೩ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ, ತಿಂಗಳಿಗೆ ೨೦೦ ಯೂನಿಟ್ಟುಗಳ ಮಿತಿಯೊಳಗೆ ಮನೆಗಳ ಬಿಲ್ಲನ್ನು ಸೊನ್ನೆಯಾಗಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಬಿಲ್ಲು ಸೊನ್ನೆಯಾದರೂ ದರ ಸೊನ್ನೆಯಾಗಲಿಲ್ಲ. ಆಯೋಗವು ಕಟ್ಟಿದ ದರದಂತೆ ಸರ್ಕಾರವು ಸಂಸ್ಥೆಗೆ ತೆರಬೇಕು. ಅದೂ ಮುಂಗಡವಾಗಿ ತೆರಬೇಕೆಂದು ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೬೫ನೆಯ ಪ್ರಕರಣವು ವಿಧಿಸುತ್ತದೆ. ಆ ಹಣ ತಡವಾದಲ್ಲಿ ಸಂಸ್ಥೆಯು ಸಾಲ ಮಾಡುವುದು, ಸಾಲದ ಬಡ್ಡಿ ಮುಂದಿನ ವರ್ಷಗಳ ದರದೊಳಗೆ ಸೇರಲು ಹವಣಿಸುವುದು.

ಮೊದಲೇ ತಿಳಿಯಪಡಿಸಿದ ಬೆಲೆಗೆ ಈಚೆಗೆ ಒಂದು ಬಾಲವೂ ಬೆಳೆದಿದೆ. ಇಂಧನ ಮತ್ತು ವಿದ್ಯುತ್ ಖರೀದಿಯ ವೆಚ್ಚದ ಏರಿಳಿತವನ್ನು ತಿಂಗಳುತಿಂಗಳಿಗೂ ತಾನಾಗಿ ಬಿಲ್ಲಿಗೆ ಸೇರಿಸಲು ಕೇಂದ್ರದ ೨೦೨೨ರ ನಿಯಮಗಳು ದಾರಿಮಾಡಿವೆ. ಬಳಸಿ ಮುಗಿದ ಯೂನಿಟ್ಟಿಗೆ ತಿಂಗಳುಗಳ ತರುವಾಯ ಹೆಚ್ಚಿನ ಬೆಲೆ ಕೇಳುವ ಈ ಕ್ರಮಕ್ಕೆ ‘ಟ್ಯಾರಿಫ್’ ಎಂಬ ಹೆಸರು ಎಷ್ಟರಮಟ್ಟಿಗೆ ಒಪ್ಪುವುದೋ ವಾಚಕರೇ ಹೇಳಬೇಕು. ೨೦೨೩ರ ನಿಯಮಗಳು ಹಿಡಿದ ದಾರಿ ಇದಕ್ಕಿಂತ ಮೇಲಾದುದು. ಅವುಗಳಂತೆ ಹೊಸ ಮಾದರಿಯ ಮೀಟರುಗಳಿರುವ ಮನೆಗಳಿಗೆ ಬಿಸಿಲಿನ ವಿದ್ಯುತ್ತು ಹೇರಳವಾದ ಗಂಟೆಗಳಲ್ಲಿ ದರ ನೂರಕ್ಕೆ ಇಪ್ಪತ್ತರಷ್ಟಾದರೂ ಕಡಮೆ, ಬಳಕೆ ತುಂಬಿದ ಗಂಟೆಗಳಲ್ಲಿ ಕನಿಷ್ಠಪಕ್ಷ ನೂರಕ್ಕೆ ಹತ್ತು ಹೆಚ್ಚು. ಬೆಲೆ ಹೊತ್ತಿಗೆ ತಕ್ಕಂತೆ ಬದಲಾದರೂ ಎಷ್ಟೆಂಬುದು ಮೊದಲೇ ಗೊತ್ತು. ಆದರೆ ದುಬಾರಿಯ ಹೊತ್ತು ಬೀಳುವುದು ಬಹುಮಟ್ಟಿಗೆ ಸಂಜೆಗೆ: ಅಡಿಗೆಯ ಸಮಯಕ್ಕೆ, ಮಕ್ಕಳು ಓದಿಗೆ ಕೂರುವ ಸಮಯಕ್ಕೆ. ಹಗಲೆಲ್ಲ ಕೂಲಿಗೆ ಹೋದವರ ಮನೆಯಲ್ಲಿ ಬಿಸಿಲುಹೊತ್ತಿನ ಅಗ್ಗದ ವಿದ್ಯುತ್ತನ್ನು ಬಳಸುವವರಿರುವುದಿಲ್ಲ. ಗಂಟೆಗಳ ಆ ಪಟ್ಟಿಯನ್ನು ಬರೆಯುವಾಗ ಆಯೋಗದ ಮುಂದೆ ಇಡಬೇಕಾದ ಆಕ್ಷೇಪಣೆಗಳಲ್ಲಿ ಇದು ಮೊದಲನೆಯದು.